ನಂಜಪ್ಪಣ್ಣನ ತೋರುಬೆರಳು

ನಂಜಪ್ಪಣ್ಣಾ, ನಿನ್ನ ಬೆರಳು ತಪ್ಪು ಮಾಡಲಿಲ್ಲ. ಆ ದಿನ ವೆಳ್ಳಕೋಯಿಲ್‌ನಲ್ಲಿ, ನೀನು ಕಾವಲಿಗಿದ್ದ ಯಜಮಾನರ ಮನೆಯಂಗಳದಲ್ಲಿ ಪಿಸ್ತೂಲಿನ ಗುಂಡು ಹಾರಿ ನಿನ್ನ ಮಂಡಿ ಒಡೆದದ್ದು ನೀನು ಟ್ರಿಗರ್ ಮುಟ್ಟಿದ್ದರಿಂದಲ್ಲ. ಅದು ತಾನಾಗಿಯೇ ಹಾರಿತು. ಯಾಕೆ ಹಾರಿತು ಎಂಬುದು ನನಗೆ ಅದೇ ಸಂಜೆ ಗೊತ್ತಾಯಿತು. ಮೂವತ್ತೆರಡು ವರ್ಷದಿಂದ ಗೊತ್ತಿದೆ. ನಾನೇ, ಈ ರಂಗಸಾಮಿಯೇ, ಅರ್ಧ ಕೆಲಸ ಮಾಡಿ, ಪಿಸ್ತೂಲಿನ ರಿಪೇರಿ ಪೂರ್ತಿ ಆಯಿತು ಎಂದು ಅದನ್ನು ನಿನ್ನ ಕೈಗೆ ಕೊಟ್ಟಿದ್ದೆ. ಆಮೇಲೆ ಅದರ ಗುರುತು ಯಾರ ಕಣ್ಣಿಗೂ ಬೀಳದ ಹಾಗೆ ಅಳಿಸಿದೆ.

ಬರೆದುಬಿಟ್ಟೆ. ಇಷ್ಟಕ್ಕೆ ಮೂರು ದಿನ ಬೇಕಾಯಿತು. ನನಗೆ ಓದು ಅಷ್ಟಕ್ಕಷ್ಟೇ, ನಿನಗೆ ಗೊತ್ತು. ಚಿಕ್ಕವನಾಗಿದ್ದಾಗ ತಾಳವಾಡಿಯ ಸೋದರಮಾವನ ಮನೆಯಲ್ಲಿದ್ದ ನಾಲ್ಕು ವರ್ಷ ಕನ್ನಡ ಶಾಲೆಗೆ ಹೋದೆ, ಆಮೇಲೆ ಕೋಯಮತ್ತೂರಿಗೆ ಬಂದು ಪಂಪ್ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುವ ಅರ ಹಿಡಿದೆ. ಆ ಅಕ್ಷರ ಮಾತ್ರ ಇನ್ನೂ ಕೈ ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಬಲ್ಲವನು ನಾನೊಬ್ಬನೇ. ಮಗನಿಗೆ ಬರುವುದಿಲ್ಲ, ಸೊಸೆಗೆ ಬರುವುದಿಲ್ಲ. ಎದುರು ಮನೆಯ ನಿನಗೂ ಬರುವುದಿಲ್ಲ. ಕಾಗದ ತೆಗೆದಾಗ ಅದೇ ಒಂದು ಸಮಾಧಾನ ಎನಿಸಿತು. ಬರೆದ ಹಾಗೂ ಆಯಿತು, ಯಾರೂ ಓದದ ಹಾಗೂ ಆಯಿತು. ಆ ಯೋಚನೆ ಬಂದ ಕೂಡಲೇ ಪೆನ್ನು ಕೆಳಗಿಟ್ಟುಬಿಟ್ಟೆ. ಇಷ್ಟು ವಯಸ್ಸಾದರೂ ನನ್ನ ಬುದ್ಧಿ ಮುಚ್ಚಿಡುವ ಕಡೆಗೇ ಓಡುತ್ತದಲ್ಲ —

ಈಗ ಯಾಕೆ ಹೇಳುತ್ತಿದ್ದೀಯ ಎಂದು ಕೇಳುತ್ತೀಯ. ನಿಲಾ ನಡೆದಳು, ಅದಕ್ಕೆ.

ಮಗನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮೊಮ್ಮಗಳು. ಅವಳು ಹುಟ್ಟಿದಂದಿನಿಂದ ನನಗೆ ನೆಲ ಕಾಣುತ್ತಿಲ್ಲ. ಅವಳು ಒಂದು ಹಲ್ಲು ತೋರಿಸಿ ನಕ್ಕರೆ ನಮ್ಮ ಗಣಪತಿ ಬಡಾವಣೆಯ ಬೀದಿಬೀದಿಗೆ ಹೇಳಿಕೊಂಡು ಬರುವವನು ನಾನು. ಹಾಲಿನವನು ನನ್ನನ್ನು ಕಂಡರೆ ಸೈಕಲ್ ಜೋರಾಗಿ ತುಳಿಯುತ್ತಾನೆ, ಈ ಮುದುಕ ಹಿಡಿದರೆ ಬಿಡುವುದಿಲ್ಲ ಎಂದು. ಹೋದ ತಿಂಗಳು ಒಂದು ಬೆಳಗ್ಗೆ ಅವಳು ಗೋಡೆಯನ್ನು ಬಿಟ್ಟು, ನೀನು ಮಾಡಿಕೊಟ್ಟ ಮೂರು ಗಾಲಿಯ ನಡೆವಂಡಿಯನ್ನೂ ಬಿಟ್ಟು, ಗೆಜ್ಜೆ ಸದ್ದು ಮಾಡುತ್ತ ನನ್ನ ಕಡೆಗೆ ನಾಲ್ಕು ಹೆಜ್ಜೆ ಇಟ್ಟಳು. ನಾನು ನೆಲದ ಮೇಲೆ ಕುಳಿತೇ ಅತ್ತೆ. ನೀನು ನಗುತ್ತಾ ನಿನ್ನ ಮೇಲುವಸ್ತ್ರದ ತುದಿ ನನಗೆ ಕೊಟ್ಟೆ, ಮೂಗು ಒರೆಸಿಕೋ ಎಂದು. ಅಷ್ಟು ಸಂತೋಷ ನಾನು ಬದುಕಿನಲ್ಲಿ ಕಂಡಿರಲಿಲ್ಲ ಅಣ್ಣಾ. ಇದು ಸುಳ್ಳಲ್ಲ.

ಒಂದು ವಾರ ಕಳೆದ ಮೇಲೆ ಸೊಸೆ ಕವಿತಾ ಬಂದು ನಿಂತಳು. "ಮಾಮಾ, ಮಗು ಬಲಗಾಲ್ ಎಳ್ಕೊಂಡ್ ನಡಿತಾಳೆ. ನೀವ್ ನೋಡಿದ್ರಾ?"

ನಾನು ನೋಡಿದ್ದೆ. ನೋಡಿ, ಯಾರಿಗೂ ಹೇಳಿರಲಿಲ್ಲ. ನಾನು ಹೀಗೆಯೇ.

ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಅವಳ ಸೊಂಟ, ಮಂಡಿ, ಪಾದ ಎಲ್ಲ ಒತ್ತಿ ನೋಡಿದರು. ನೆಲದ ಮೇಲೆ ಬಿಟ್ಟು, ಒಂದು ಬಣ್ಣದ ಚೆಂಡು ಉರುಳಿಸಿ ನೋಡಿದರು. ಚೆಂಡಿನ ಹಿಂದೆ ಅವಳು ನೆಟ್ಟಗೆ ಓಡಿದಳು. ತಿರುಗಿ ಬರುವಾಗ ಮತ್ತೆ ಬಲಗಾಲು ಎಳೆದಳು. ಡಾಕ್ಟರು ನಗಲು ಶುರು ಮಾಡಿದರು. ಮನೆಯಲ್ಲಿ ಯಾರಾದರೂ ಹೀಗೆ ನಡೆಯುವವರು ಇದ್ದಾರಾ ಎಂದು ಕೇಳಿದರು. ಮಗುವಿನ ಕಾಲಿಗೆ ಏನೂ ಆಗಿಲ್ಲ, ಯಾರನ್ನೋ ನೋಡಿ ಕಲಿತಿದ್ದಾಳೆ, ನಡೆಯುವುದು ಎಂದರೆ ಹೀಗೇ ಎಂದುಕೊಂಡಿದ್ದಾಳೆ ಎಂದರು.

ದಾರಿಯುದ್ದಕ್ಕೂ ಮಗ ನಕ್ಕ, ಸೊಸೆ ನಕ್ಕಳು. ಆಟೋದವನೂ ಕೇಳಿ ನಕ್ಕ. ಮನೆಗೆ ಬಂದು ನಿನಗೆ ಹೇಳಿದಾಗ ನೀನು ಎಲ್ಲರಿಗಿಂತ ಹೆಚ್ಚು ನಕ್ಕೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮಿಳರ ಹಾಗೆ ಕಣ್ಣು ಎಂದು ಮುದ್ದು ಮಾಡುತ್ತಾ ಹೇಳಿದೆ. "ಅಡ ಪಾವಮೇ, ಕಲಿಯಾಕೆ ಬೇರೆ ಆಳೇ ಸಿಗ್ಲಿಲ್ವಾ ಕಣ್ಣು ನಿಂಗೆ? ನಿಮ್ ತಾತ ನೆಟ್ಟಗೆ ನಡಿತಾನಲ್ಲ, ಅವನ್ ನೋಡಿ ಕಲ್ತ್ಕೋ."

ನಾನು ಎದ್ದು ಹಿತ್ತಲಿಗೆ ಹೋದೆ. ನಲ್ಲಿ ಬಿಟ್ಟು ಸುಮ್ಮನೆ ನಿಂತೆ. ಒಳಗಿನಿಂದ ನಿನ್ನ ಕೋಲಿನ ಸದ್ದು ಕೇಳಿಸಿತು. ಟಕ್, ಆಮೇಲೆ ಕಾಲು ಎಳೆಯುವ ಸರ್ರ್. ಅದರ ಹಿಂದೆಯೇ ಗೆಜ್ಜೆ, ಅದೂ ಎಳೆದುಕೊಂಡು. ಮೂವತ್ತೆರಡು ವರ್ಷ ಒಂದೇ ಸದ್ದು ಕೇಳುತ್ತಿದ್ದೆ. ಈಗ ಎರಡು.

ಅದನ್ನೂ ತಡೆದುಕೊಂಡಿದ್ದೆನೋ ಏನೋ. ಆದರೆ ಅದೇ ವಾರ ನಿಲಾ ನಿನ್ನ ಬಲಗೈಯ ತೋರುಬೆರಳು ಹಿಡಿಯಲು ಬಂದಳು, ಮಕ್ಕಳು ನಡೆಯಲು ಬೆರಳು ಹಿಡಿಯುತ್ತಾರಲ್ಲ ಹಾಗೆ. ನೀನು ಕೈ ಹಿಂದಕ್ಕೆ ಎಳೆದುಕೊಂಡೆ. ಬಿಸಿ ತಗುಲಿದವನ ಹಾಗೆ. "ಅದು ಬೇಡ ಕಣ್ಣು. ಅದು ನಂಬಾಕಾಗ್ದ ಬೆರಳು. ಇದ್ ಹಿಡ್ಕೋ," ಎಂದು ಎಡಗೈ ಕೊಟ್ಟೆ.

ನೀನು ತಮಾಷೆಗೆ ಹೇಳಿದೆ ಎಂದು ಕವಿತಾ ಅಂದುಕೊಂಡಳು. ನಾನು ನಿನ್ನ ಮುಖ ನೋಡುತ್ತಿದ್ದೆ.

ಈಗ ಆ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿರುವುದು ಒಂದು ಮಗ್ಗುಲು. ಇನ್ನೊಂದು ಮಗ್ಗುಲು ನನ್ನ ಹತ್ತಿರ ಇದೆ.

ಯಜಮಾನರ ಪಿಸ್ತೂಲು ಅವರ ತಾತನ ಕಾಲದ್ದು, ಒಂದೇ ಗುಂಡಿನದು, ಹಿಂದೆ ಸಣ್ಣ ಸುತ್ತಿಗೆ ಇರುವಂಥದ್ದು. ಲೈಸೆನ್ಸ್ ಇತ್ತು. ಎಣ್ಣೆ ಮಿಲ್ಲಿನಿಂದ ಹಣ ತರುವಾಗ ಕಾವಲಿಗೆ ಹೋಗುತ್ತಿದ್ದ ನೀನೇ ಅದನ್ನು ಸೊಂಟದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಸುತ್ತಿಗೆಯನ್ನು ಅರ್ಧ ಹಿಂದಕ್ಕೆ ಎಳೆದು ನಿಲ್ಲಿಸಿದರೆ ಅದು ಅಲ್ಲೇ ನಿಲ್ಲಬೇಕು, ಟ್ರಿಗರ್ ಒತ್ತಿದರೂ ಬಿದ್ದು ಗುಂಡು ಹಾರಿಸಬಾರದು. ಅದು ಒಂದೊಂದು ಸಾರಿ ನಿಲ್ಲುತ್ತಿರಲಿಲ್ಲ. ಇಬ್ಬರು ಮೂವರು ನೋಡಿ ಸ್ಪ್ರಿಂಗ್ ಸವೆದಿದೆ ಎಂದು ಸ್ಪ್ರಿಂಗ್ ಬದಲಿಸಿ ಕಳಿಸಿದ್ದರು. ಸರಿ ಹೋಗಿರಲಿಲ್ಲ. ಪಂಪ್ ವರ್ಕ್‌ಶಾಪಿನಲ್ಲಿ ನಮ್ಮ ಕನ್ನಡದವನೊಬ್ಬ ಇದ್ದಾನೆ, ಅರ ಹಿಡಿದರೆ ಕೂದಲೆಳೆ ಹೆಚ್ಚು ಕಡಿಮೆ ಆಗುವುದಿಲ್ಲ ಎಂದು ಯಜಮಾನರಿಗೆ ನನ್ನ ಹೆಸರು ಹೇಳಿದ್ದು ನೀನೇ.

ನಾನು ಬಿಚ್ಚಿದೆ. ಒಳಗೆ ಏನಿತ್ತು ಗೊತ್ತಾ ಅಣ್ಣಾ? ಗಂಧ, ಕುಂಕುಮ, ವಿಭೂತಿ. ವರ್ಷ ವರ್ಷ ಆಯುಧ ಪೂಜೆಗೆ ಅದಕ್ಕೆ ಹಚ್ಚಿದ್ದೆಲ್ಲ ಸಂದಿಯಲ್ಲಿ ಇಳಿದು, ಎಣ್ಣೆ ಕುಡಿದು, ಕಲ್ಲಿನ ಹಾಗೆ ಕಟ್ಟಿತ್ತು. ಮೂರು ತಲೆಮಾರಿನ ಭಕ್ತಿ. ಸೀಮೆಎಣ್ಣೆಯಲ್ಲಿ ನೆನೆಹಾಕಿ ಎಲ್ಲ ತೊಳೆದೆ. ಇದೇ ಕಾರಣ ಎಂದುಕೊಂಡೆ. ಜೋಡಿಸಿ ನೋಡಿದರೆ ಆಗಲೂ ಜಾರಿತು. ಮತ್ತೆ ಬಿಚ್ಚಿದೆ. ದೀಪದ ಮಸಿ ಹಚ್ಚಿ, ಯಾವುದು ಎಲ್ಲಿ ತಾಗುತ್ತದೆ ಎಂದು ನೋಡಿದೆ. ಸುತ್ತಿಗೆಯ ಕಚ್ಚಿಗೆ ಸಿಕ್ಕಿ ಅದನ್ನು ತಡೆದು ನಿಲ್ಲಿಸುವ ಒಂದು ಸಣ್ಣ ಕೊಕ್ಕೆ ಇದೆ, ಭತ್ತದ ಕಾಳಿನಷ್ಟೇ ಅದರ ತುದಿ. ಆ ಕುಂಕುಮದ ಪುಡಿಯೇ ಉಜ್ಜಿ ಉಜ್ಜಿ ಅದನ್ನು ಗುಂಡಗೆ ಮಾಡಿತ್ತು. ಸ್ಪ್ರಿಂಗಿನ ಮೇಲೆ ಏನೂ ತಪ್ಪಿರಲಿಲ್ಲ. ಅದು ಸಿಕ್ಕಿದಾಗ ನನಗೆ ಆದ ಹೆಮ್ಮೆ — ಬೇಡ, ಆ ಹೆಮ್ಮೆಯೇ ಎಲ್ಲ ಕೆಡಿಸಿದ್ದು.

ಒಂದು ಹಳೆಯ ಅರವನ್ನು ಕಾಯಿಸಿ ಮೆತ್ತಗೆ ಮಾಡಿ, ಅದರಲ್ಲಿ ಹೊಸ ಕೊಕ್ಕೆ ತೀಡಿದೆ. ಎರಡು ದಿನದ ಕೆಲಸ. ಕೂರಿಸಿ ನೋಡಿದರೆ ಸುತ್ತಿಗೆ ಅಲುಗಲಿಲ್ಲ, ಹತ್ತು ಸಾರಿ, ಇಪ್ಪತ್ತು ಸಾರಿ. ಆದರೆ ಅದು ಇನ್ನೂ ಮೆತ್ತಗಿನ ಉಕ್ಕು. ಅದನ್ನು ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ, ಹದ ಕೊಟ್ಟು ಗಟ್ಟಿ ಮಾಡಬೇಕು. ಇಲ್ಲವಾದರೆ ನಾಲ್ಕು ದಿನ ನಿಂತು ಆಮೇಲೆ ನಜ್ಜಿಹೋಗುತ್ತದೆ. ವರ್ಕ್‌ಶಾಪಿನಲ್ಲಿ ಕಲಿಯಲು ಬಂದ ಮೊದಲ ವಾರವೇ ಇದನ್ನು ಹೇಳಿಕೊಡುತ್ತಾರೆ. ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಆ ಹೊತ್ತಿಗೆ ಆಯುಧ ಪೂಜೆಯ ಮಧ್ಯಾಹ್ನ ಆಗಿತ್ತು. ಕುಲುಮೆ ಆರಿಸಿ, ತೊಳೆದು, ಅದಕ್ಕೆ ಬಾಳೆಕಂದು ಕಟ್ಟಿದ್ದರು. ನನ್ನ ಅರಗಳನ್ನೆಲ್ಲ ಒಗೆದ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಗಂಧ ಹಚ್ಚಿ ಆಗಿತ್ತು. ಪೂಜೆಗೆ ಇಟ್ಟ ಮೇಲೆ ಮರುದಿನ ಬೆಳಗ್ಗೆಯವರೆಗೆ ಯಾವ ಸಾಮಾನೂ ಮುಟ್ಟುವ ಹಾಗಿಲ್ಲ. ಹತ್ತೇ ನಿಮಿಷ ಕುಲುಮೆ ಹಚ್ಚಲೇ ಎಂದು ಮೇಸ್ತ್ರಿಯನ್ನು ಕೇಳಿದೆ. "ಪೈತ್ಯವಾ ನಿಂಗೆ? ಸಾಮಿ ಮುಂದೆ ಇಟ್ಟ್ ಆಯ್ತು," ಎಂದರು. ನಾಳೆ ಮಾಡಿದರಾಯಿತು ಎಂದು ಸುಮ್ಮನಾದೆ.

ಆಗಲೇ ಯಜಮಾನರ ಕಾರು ಬಂತು. ಅವರಿಗೆ ಮನೆಯ ಪೂಜೆಗೆ ಪಿಸ್ತೂಲು ಬೇಕಿತ್ತು. ತಾತನ ಕಾಲದಿಂದ ಒಂದು ವರ್ಷವೂ ತಪ್ಪಿಸಿದ್ದಿಲ್ಲವಂತೆ. ಕಾರಿನಿಂದ ಮೊದಲು ಇಳಿದವನು ನೀನು, ಹೊಸ ಅಂಗಿ ಹಾಕಿಕೊಂಡು. ಯಜಮಾನರು ಸುತ್ತಿಗೆ ಎಳೆದು ನೋಡಿದರು. ನಿಂತಿತು. ಮತ್ತೆ ಎಳೆದರು. ನಿಂತಿತು. ತಟ್ಟೆಯಲ್ಲಿ ವೀಳ್ಯದೆಲೆ, ಹೊಸ ವೇಷ್ಟಿ ಪಂಚೆ ಇಟ್ಟು ಎಲ್ಲರ ಮುಂದೆ ನನಗೆ ಕೊಟ್ಟರು. ಯಾರ ಕೈಯಲ್ಲೂ ಆಗದ್ದನ್ನು ಇವನು ಮಾಡಿದ ಎಂದರು. ನಲವತ್ತು ಜನ ನಿಂತು ನೋಡುತ್ತಿದ್ದರು. ಮೇಸ್ತ್ರಿ, ನಮ್ಮ ಒಡೆಯ ಮುದಲಾಳಿ, ಎಲ್ಲರೂ. ಆಮೇಲೆ ಅವರು ತಮಿಳಿನಲ್ಲಿ ಕೇಳಿದರು, ಎಲ್ಲ ಆಯಿತಾ ಎಂದು.

"ಆಯ್ಡುಚ್ಚುಂಗ," ಎಂದೆ.

ಆಯಿತು ಎಂದೆ. ಒಂದೇ ಮಾತು. ಇನ್ನೂ ಒಂದು ದಿನದ ಕೆಲಸ ಇದೆ, ಪೂಜೆಗೆ ಇಡಿ, ಗುಂಡು ತುಂಬಬೇಡಿ, ನಾಳಿದ್ದು ವಾಪಸ್ ಕಳಿಸಿ ಎಂದು ಹೇಳಿದ್ದರೆ ಅವರು ಬೈಯುತ್ತಲೂ ಇರಲಿಲ್ಲ. ಆದರೆ ಆ ತಟ್ಟೆ ಕೈಯಲ್ಲಿತ್ತು. ತಟ್ಟೆ ಹಿಡಿದುಕೊಂಡು ಇನ್ನೂ ಆಗಿಲ್ಲ ಎಂದು ಹೇಗೆ —

ನೀನು ಹೊರಡುವಾಗ ನನ್ನ ಕಡೆ ಬಾಗಿ, ನಮ್ಮ ಮಾತಿನಲ್ಲಿ ಕೇಳಿದೆ. ನೆನಪಿದೆಯಾ? "ಏನ್ ತಮ್ಮಾ, ಧೈರ್ಯವಾ ಸೊಂಟದಾಗೆ ಇಟ್ಕಳ್ಲಾ? ನಾಳೆ ನನ್ ಹೆಂಡ್ತಿ ನಿನ್ನ ಬಯ್ಯಂಗೆ ಆಗ್ಬಾರ್ದು."

"ಹೋಗಣ್ಣಾ, ನಾನ್ ಮಾಡಿದ್ ಕೆಲ್ಸ," ಎಂದೆ. ನಗುತ್ತಾ ಎಂದೆ.

ಹಬ್ಬ ಕಳೆದ ಮೇಲೆ ಏನಾದರೂ ನೆಪ ಹೇಳಿ ತರಿಸಿಕೊಳ್ಳಬೇಕು ಎಂದಿದ್ದೆ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ವೇಷ್ಟಿ ಉಟ್ಟುಕೊಂಡು ದೀಪಾವಳಿಯನ್ನೂ ಮಾಡಿದೆ. ನಿಂತಿದೆಯಲ್ಲ, ಇನ್ನೂ ನಿಲ್ಲುತ್ತದೆ ಎಂದುಕೊಂಡೆ. ದೀಪಾವಳಿ ಮುಗಿದ ವಾರ ನೀನು ಕಾರಿನಿಂದ ಇಳಿದು, ಪಿಸ್ತೂಲು ಸೊಂಟದಿಂದ ತೆಗೆದು ಯಜಮಾನರಿಗೆ ಒಪ್ಪಿಸಲು ಹೋದಾಗ, ಹಗಲು ಹನ್ನೊಂದು ಗಂಟೆಗೆ, ಅಂಗಳದಲ್ಲಿ ಅದು ಹಾರಿತು. ನಿನ್ನಿಂದ ಮೂರು ಮಾರು ದೂರದಲ್ಲಿ ಯಜಮಾನರ ಚಿಕ್ಕ ಮಗಳು ರಂಗೋಲಿ ಹಾಕುತ್ತಾ ಕುಳಿತಿದ್ದಳಂತೆ. ಗುಂಡು ನಿನ್ನ ಮಂಡಿಗೆ ಹೋಯಿತು.

ಅದೇ ಸಂಜೆ ಅವರ ಮ್ಯಾನೇಜರ್ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟ. ನಾಳೆ ಇದನ್ನು ಪೊಲೀಸಿಗೆ ಒಪ್ಪಿಸಬೇಕು, ಅವರ ಕಡೆಯ ಅಧಿಕಾರಿ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಮೊದಲು ತಪ್ಪೇನಾದರೂ ಇದೆಯಾ ನೋಡಿಬಿಡು, ಇದ್ದರೆ ಯಜಮಾನರಿಗೆ ತಿಳಿಯಬೇಕು ಎಂದ. ಪಂಪಿನ ಅಂಗಡಿಗೆ ಹೋಗಿ ಒಂದು ಗಂಟೆ ಬಿಟ್ಟು ಬರುತ್ತೇನೆ ಎಂದು ಹೋದ.

ಬಿಚ್ಚಿದೆ. ಒಂದು ನೋಟಕ್ಕೇ ತಿಳಿಯಿತು. ಕೊಕ್ಕೆಯ ತುದಿ ಅಗಿದ ಬೇವಿನ ಕಡ್ಡಿಯ ಹಾಗೆ ಆಗಿತ್ತು. ಅದನ್ನು ತೀಡದೆ ಹಾಗೇ ಜೋಡಿಸಿ, ತಪ್ಪು ನನ್ನದು ಎಂದು ಹೇಳಿದ್ದರೆ ನಿನಗೆ ಕಾಲು ವಾಪಸ್ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬರುತ್ತಿತ್ತು. ನಾನೇನು ಮಾಡಿದೆ ಗೊತ್ತಾ? ಅರ ತೆಗೆದು ಆ ತುದಿಯನ್ನು ಮತ್ತೆ ತೀಡಿದೆ. ಆ ದಿನ ಕುಲುಮೆ ಉರಿಯುತ್ತಿತ್ತು. ಕೆಂಪಗೆ ಕಾಯಿಸಿದೆ, ಎಣ್ಣೆಗೆ ಅದ್ದಿದೆ. ಒಣಹುಲ್ಲಿನ ಬಣ್ಣ ಬರುವವರೆಗೆ ನಿಧಾನವಾಗಿ ಹದ ಕೊಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾದ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಮ್ಯಾನೇಜರ್ ಬಂದ. "ತಪ್ಪು ಇದೆಯಾ?" ಎಂದ.

"ಇಲ್ಲೀಂಗ," ಎಂದೆ. "ಪಿಸ್ತೂಲು ಸರಿಯಾಗೇ ಇದೆ."

ಅಧಿಕಾರಿ ಎಳೆದೆಳೆದು ನೋಡಿದರಂತೆ. ಸುತ್ತಿಗೆ ಕಲ್ಲಿನ ಹಾಗೆ ನಿಂತಿತಂತೆ. ಹೇಗೆ ನಿಲ್ಲದೆ ಇರುತ್ತದೆ? ಕಾವಲಿನವನ ಅಜಾಗ್ರತೆ ಎಂದು ಬರೆದರು. ನೀನು ಆಸ್ಪತ್ರೆಯ ಮಂಚದ ಮೇಲಿಂದ ಎಲ್ಲರಿಗೂ ಹೇಳುತ್ತಿದ್ದೆ. "ನಾನ್ ಮುಟ್ಟಿಲ್ಲ, ಸತ್ಯವಾ ಮುಟ್ಟಿಲ್ಲ, ತಾನೇ ಹೊಡೀತು." ಕಿತ್ತಳೆಹಣ್ಣು ತೆಗೆದುಕೊಂಡು ನಾನೂ ಬಂದಿದ್ದೆ. ನನಗೂ ಹೇಳಿದೆ. ನಾನು ಹಣ್ಣು ಸುಲಿಯುತ್ತಾ ಕುಳಿತಿದ್ದೆ. ನಿನ್ನ ಕೆಲಸ ಹೋಯಿತು. ಸ್ವಲ್ಪ ಈಚೆ ಆಗಿದ್ದರೆ ನಮ್ಮ ಮಗುವಿಗೆ ಬೀಳುತ್ತಿತ್ತು ಎಂದು ಯಜಮಾನರ ಹೆಂಡತಿ ನಿನಗೆ ಶಾಪ ಹಾಕಿ ಮಣ್ಣು ತೂರಿದರಂತೆ. ನಿನ್ನ ಒಡಹುಟ್ಟಿದ ತಮ್ಮನ ಮನೆಯವರು ಮಕ್ಕಳನ್ನು ನಿನ್ನ ಹತ್ತಿರ ಬಿಡುವುದನ್ನು ನಿಲ್ಲಿಸಿದರು. ಮತ್ತೆ ಒಂದು ದಿನ, ಐದಾರು ತಿಂಗಳಾದ ಮೇಲೆ, ನೀನು ನನ್ನ ಹತ್ತಿರ ಕುಳಿತು ಆ ಬೆರಳನ್ನು ನೋಡುತ್ತಾ ಮೆಲ್ಲಗೆ ಹೇಳಿದೆ. "ಮುಟ್ಟಿದ್ನೋ ಏನೋ ರಂಗಾ. ಎಲ್ರೂ ಹೇಳ್ತಾರಲ್ಲ. ನಂಗೇ ಗೊತ್ತಾಗ್ದಂಗೆ ಮುಟ್ಟಿರ್ಬೋದು."

ಕಾಲು ಒಡೆದದ್ದಕ್ಕಿಂತ ಅದು ದೊಡ್ಡದು. ಆ ಹೊತ್ತು ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಅದರ ಬದಲು ನಿನಗೆ ಕೆಲಸ ಹುಡುಕಿದೆ. ಪಂಪಿನ ಎರಕಕ್ಕೆ ಮರದ ಅಚ್ಚು ಮಾಡುವ ಕಡೆ, ಕುಳಿತು ಮಾಡುವ ಕೆಲಸ. ನಮ್ಮ ಎದುರು ಮನೆಯನ್ನು ಬಾಡಿಗೆಗೆ ಕೊಡಿಸಿದೆ. ನೀನು ಊರಿಗೆಲ್ಲ ಹೇಳಿದೆ, ರಂಗಸಾಮಿ ನನಗೆ ದೇವರ ಹಾಗೆ ಎಂದು. ನಿನ್ನ ಹೆಂಡತಿ ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದು, "ಇವರ್ನ ನೋಡ್ಕಳಿ ತಮ್ಮಾ," ಎಂದಳು. ನಿಮ್ಮ ಉಪ್ಪಿಟ್ಟು, ನಿಮ್ಮ ನಮಸ್ಕಾರ, ಎಲ್ಲ ನಾನು ತೆಗೆದುಕೊಂಡೆ. ಪ್ರತಿ ವರ್ಷ ಆಯುಧ ಪೂಜೆಗೆ ನಿನ್ನ ಉಳಿಗಳನ್ನು ತಂದು ನನ್ನ ಅರಗಳ ಪಕ್ಕದಲ್ಲಿ ಇಡುತ್ತೀಯ. ಮಂಗಳಾರತಿ ಬೆಳಗುವಾಗ ನಾನು ಕಣ್ಣು ಮುಚ್ಚುತ್ತೇನೆ. ಎಲ್ಲರೂ ಭಕ್ತಿ ಎಂದುಕೊಳ್ಳುತ್ತಾರೆ. ನನಗೆ ಕಾಣುವುದು ತೊಳೆದ ಕುಲುಮೆ, ಅದಕ್ಕೆ ಕಟ್ಟಿದ ಬಾಳೆಕಂದು.

ಹಬ್ಬ ಅಡ್ಡ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹಬ್ಬ ಅಡ್ಡ ಬಂದದ್ದು ಒಂದು ದಿನಕ್ಕೆ.

ಇದನ್ನು ಕೇಳಿದ ಮೇಲೆ ನೀನು ಈ ಮನೆಗೆ ಬರದೆ ಇರಬಹುದು. ಬೆಳಗ್ಗೆ ಹತ್ತಕ್ಕೆ ನಿಲಾ ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ, ನಿನ್ನ ಕೋಲಿನ ಸದ್ದಿಗೆ. ನೀನು ಬರದಿದ್ದರೆ ಅವಳು ನಿಂತೇ ಇರುತ್ತಾಳೆ. ನನ್ನನ್ನು ತಡೆದು ಹಿಡಿದದ್ದು ಈ ಒಂದು ತಿಂಗಳು ಅದೇ. ಮಗನೂ ಸೊಸೆಯೂ ನನ್ನನ್ನು ಇನ್ನು ಹೇಗೆ ನೋಡುತ್ತಾರೋ, ದೊಡ್ಡವಳಾದ ಮೇಲೆ ಅವಳೂ ಹೇಗೆ ನೋಡುತ್ತಾಳೋ. ಇಷ್ಟು ಸಂತೋಷ ಕೊಟ್ಟ ಮಗುವನ್ನು ಎದುರಿಗೆ ಇಟ್ಟುಕೊಂಡು ಕಳೆದುಕೊಳ್ಳುವ ಭಯ. ಆದರೆ ಅವಳು ನಿನ್ನ ಬಲಗೈಗೆ ಕೈ ಚಾಚುವುದನ್ನೂ ನೀನು ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನೂ ದಿನವೂ ನೋಡಿಕೊಂಡು ಸುಮ್ಮನಿದ್ದರೆ, ಆ ಸಂಜೆ ಕುಲುಮೆಯ ಮುಂದೆ ಮಾಡಿದ ಕೆಲಸವನ್ನೇ ನಾನು ದಿನವೂ ಮತ್ತೆ ಮಾಡಿದ ಹಾಗೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಅದನ್ನೂ ನಿನ್ನಿಂದ ತೆಗೆದುಕೊಳ್ಳಲು ಮನಸ್ಸಿಲ್ಲ. ಯಜಮಾನರು ತೀರಿಹೋದರು. ಅವರ ಮಗಳು ಇದ್ದಾಳೆ, ಅವಳಿಗೂ ಹೋಗಿ ಹೇಳುತ್ತೇನೆ. ನಿನ್ನ ತಮ್ಮನ ಮನೆಗೂ ಹೋಗುತ್ತೇನೆ. ಪೊಲೀಸರ ಮುಂದೆ ಹೇಳಬೇಕು ಎಂದರೆ ಅದಕ್ಕೂ ಬರುತ್ತೇನೆ.

ನಾಳೆ ನೀನು ಬಂದು ಜಗಲಿಯ ಮೇಲೆ ಕುಳಿತಾಗ ಮಗನನ್ನೂ ಸೊಸೆಯನ್ನೂ ಕರೆದು ಕೂರಿಸುತ್ತೇನೆ. ಕನ್ನಡಕ ಹಾಕಿಕೊಂಡು ಇದನ್ನು ಗಟ್ಟಿಯಾಗಿ ಓದುತ್ತೇನೆ. ನಡುವೆ ನೀನು ಎದ್ದು ಹೋಗಬಹುದು. ಕೋಲು ಎತ್ತಿ ಹೊಡೆಯಲೂಬಹುದು. ಪೂರ್ತಿ ಕೇಳಬೇಕೆಂದು ನಾನು ಕೇಳಲಾರೆ. ಒಂದು ಸಾಲು ಕೇಳಿದರೆ ಸಾಕು. ನಿಲಾ ಅಲ್ಲೇ ಇರುತ್ತಾಳೆ, ನಿನ್ನ ಬಲಗೈಯ ಕಡೆಗೇ. ಅದಕ್ಕೇ ಆ ಬೆರಳಿನ ಮಾತನ್ನು ಮೊದಲ ಸಾಲಿನಲ್ಲಿ ಬರೆದಿದ್ದೇನೆ.